ಅತ್ತೆಯ ಉಸಿರಿಗೆ ಮಣಿಯದ ಮೂರು ಗೋಲಿ

ಮೂರು ಪ್ಲಾಸ್ಟಿಕ್ ಗೋಲಿಗಳು ಹೋದ ವಾರ ನಮ್ಮ ಮನೆಯವರೆಲ್ಲರ ನಿದ್ದೆ ಕೆಡಿಸಿದ್ದವು.

ಹೊಳೆನರಸೀಪುರದ ನಮ್ಮತ್ತೆಗೆ ಬೆಂಗಳೂರಿನಲ್ಲಿ ಹಾರ್ಟ್ ವಾಲ್ವ್ ಆಪರೇಷನ್ ಆಯಿತು. ಅಲ್ಲಿಂದ ಸೀದಾ ಹಾಸನಕ್ಕೆ, ನಮ್ಮ ಮನೆಗೇ ಕರೆತಂದೆವು. ಜೊತೆಗೊಂದು ಉಸಿರಾಟದ ಡಬ್ಬಿ. ಪೈಪು ಬಾಯಿಗಿಟ್ಟು ಉಸಿರು ಒಳಗೆಳೆದರೆ ಅದರೊಳಗಿನ ಗೋಲಿಗಳು ಒಂದೊಂದಾಗಿ ಮೇಲೇರಬೇಕು. ಗಂಟೆಗೆ ಹತ್ತು ಸಲ. ಆಸ್ಪತ್ರೆಯಲ್ಲಿ ನರ್ಸ್ ಎದುರು ಒಂದು ಗೋಲಿ ಏರಿತ್ತು. ಮನೆಯಲ್ಲಿ? ಒಂದೂ ಅಲುಗಾಡಲಿಲ್ಲ.

ಅತ್ತೆ ಕಳ್ಳಾಟ ಆಡುವವರಲ್ಲ. ಹೊಲಿಗೆ ನೋಯದಂತೆ ಎದೆಗೆ ದಿಂಬು ಅವುಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಎಳೆಯುತ್ತಿದ್ದರು. ಇಲ್ಲಿನ ಡಾಕ್ಟರು ಪರೀಕ್ಷಿಸಿ, ಶ್ವಾಸಕೋಶದ ಕೆಳಭಾಗ ಅರಳುತ್ತಿಲ್ಲ, ಕಫ ಕಟ್ಟುತ್ತಿದೆ, ಸೋಮವಾರದೊಳಗೆ ಸುಧಾರಿಸದಿದ್ದರೆ ಮತ್ತೆ ಅಡ್ಮಿಟ್ ಅಂದರು. ಅಷ್ಟು ದೊಡ್ಡ ಆಪರೇಷನ್ ಗೆದ್ದವರು ಕಫಕ್ಕೆ ಸೋಲುವುದೇ? ಯಜಮಾನರು ಬೆಂಗಳೂರಿನ ಆಸ್ಪತ್ರೆಗೆ ಎಸ್‌ಟಿಡಿ ಫೋನ್ ಮಾಡಿದರು. ಡಬ್ಬಿಯೇ ಕೆಟ್ಟಿದೆ ಎಂದು ಮೈದುನ ಹೊಸದು ತಂದ. (ಅದರ ಗೋಲಿಗಳೂ ಅಷ್ಟೇ ಸೋಮಾರಿಗಳು.)

ಗುಟ್ಟು ರಟ್ಟಾದದ್ದು ಪಕ್ಕದ ದುದ್ದ ಊರಿನಿಂದ ಹಾಲು ತರುವ ಜಯಮ್ಮನಿಂದ. ಬುಧವಾರ ಬೆಳಿಗ್ಗೆ ಅತ್ತೆಯನ್ನು ಮಾತಾಡಿಸಲು ಒಳಗೆ ಬಂದವಳು, ಒಂದು ನಿಮಿಷ ನೋಡಿ ನನಗೆ ಹೇಳಿದಳು: "ಅಲ್ಲ ಕಣಕ್ಕಾ, ಅಮ್ಮಾವ್ರು ಅದ್ನ ಬಾಯ್ಗೇ ಮುಟ್ಟುಸ್ತಾ ಇಲ್ವಲ್ಲ."

ಹೌದು! ಪೈಪು ತುಟಿಯಿಂದ ಒಂದು ಬೆರಳು ದೂರ. ನಾವೆಲ್ಲ ಗೋಲಿ ನೋಡುತ್ತಿದ್ದೆವೇ ಹೊರತು ತುಟಿ ನೋಡಿರಲಿಲ್ಲ.

ಬುದ್ಧಿ ಬಂದಾಗಿನಿಂದ ನೀರನ್ನು ಎತ್ತಿಯೇ ಕುಡಿದವರು ನಮ್ಮತ್ತೆ. ಲೋಟಕ್ಕೆ ತುಟಿ ತಾಗಿದರೆ ಎಂಜಲು. ಆಸ್ಪತ್ರೆಯಲ್ಲಿ ನರ್ಸೇ ಪೈಪನ್ನು ಬಾಯಿಗೆ ತುರುಕುತ್ತಿದ್ದರಂತೆ, ಬೇಡ ಅನ್ನಲು ಇವರಿಗೆ ತ್ರಾಣವೇ ಇರಲಿಲ್ಲವಂತೆ. "ಒಂದ್ಸಲ ಬಾಯಿಗಿಟ್ಟಿದ್ದನ್ನ ದಿನಕ್ಕೆ ನೂರು ಸಲ ಹೇಗೇ ಇಟ್ಕೊಳ್ಳೋದು?" ಎಂದು ನನ್ನನ್ನೇ ಕೇಳಿದರು.

ನಾನು ಲಂಗ್ಸು, ಇನ್‌ಫೆಕ್ಷನ್ನು ಅಂತ ಲೆಕ್ಚರ್ ಶುರುಮಾಡಿದೆ. (ಟೀಚರ್ ಚಟ, ಬಿಡುವುದಿಲ್ಲ.) ಜಯಮ್ಮ ಎರಡು ಮಾತಲ್ಲಿ ಮುಗಿಸಿದಳು: "ಎಂಜ್ಲೂ ನಿಮ್ದೇ, ಉಸ್ರೂ ನಿಮ್ದೇಯ. ಇನ್ಯಾರ್ಗೆ ಮೈಲ್ಗೆ ಆಯ್ತದೆ ಅಮ್ಮಾವ್ರೇ?"

ಅತ್ತೆ ಪೈಪು ತೊಳೆಸಿದರು. ನಮ್ಮನ್ನೆಲ್ಲ ಆಚೆ ಕಳಿಸಿದರು. ಬಾಗಿಲ ಸಂದಿಯಲ್ಲಿ ಇಣುಕಿದೆ. ಟಕ್! ಒಂದು ಗೋಲಿ ಮೇಲೆ. ಮಾರನೆಯ ದಿನ ಎರಡು. ಸೋಮವಾರ ಡಾಕ್ಟರ ಎದುರೇ ಮೂರೂ ಏರಿ ನಿಂತವು. ಎದೆ ಕ್ಲಿಯರ್, ಅಡ್ಮಿಷನ್ ಬೇಡ ಎಂದರು ಡಾಕ್ಟರು. ಅತ್ತೆ ಪರೀಕ್ಷೆಯಲ್ಲಿ ಫಸ್ಟ್ ಬಂದವರಂತೆ ನೆಟ್ಟಗೆ ಕೂತರು. ನಾನು ಸಂತೋಷಕ್ಕೆ ಅಲ್ಲೇ ಅತ್ತುಬಿಟ್ಟೆ.

ಡಬ್ಬಿ ಬದಲಾಯಿಸಿದೆವು, ಡಾಕ್ಟರನ್ನು ಕೇಳಿದೆವು, ಬೆಂಗಳೂರನ್ನೂ ಕೇಳಿದೆವು. ಅತ್ತೆಯನ್ನೇ ಒಂದು ಮಾತು ಕೇಳೋಣ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?