ಹದಿಮೂರನೇ ಪಕ್ಕೆಲುಬು

ಮಗಳು ಕಾಲೇಜಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಪ್ಪ, ಒಂದು ಅಸ್ಥಿಪಂಜರ ಬೇಕು. ನಮ್ಮಪ್ಪ ಮಾಡ್ಕೊಡ್ತಾರೆ ಅಂತ ಒಪ್ಕೊಂಡ್ಬಂದಿದೀನಿ" ಅಂದಳು. ನಾನು ಬಾಗಿಲೊಂದಕ್ಕೆ ಕೀಸುಳಿ ಹಾಕುತ್ತಿದ್ದೆ. ಕೈ ನಿಲ್ಲಿಸದೆ "ಎಷ್ಟಡಿದು?" ಅಂದೆ. ಮರದ ಕೆಲಸ ಅಂದಮೇಲೆ ಮೊದಲು ಅಳತೆ. ಏನು, ಯಾಕೆ ಅನ್ನುವುದೆಲ್ಲ ಆಮೇಲೆ.

ಕಿಕ್ಕೇರಿ ಸುತ್ತಮುತ್ತ ನಾನು ಕೂರಿಸಿದ ಬಾಗಿಲು ಯಾವುದೂ ಇವತ್ತಿಗೂ ಕಿರ್ ಅಂದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಮ್ಮಪ್ಪನ ಪಕ್ಕ ಉಳಿ ಹಿಡಿದು ಕೂತವನು ನಾನು. ಓದಿದವರು ಮನೆ ಕಟ್ಟಿಸಿದರೂ ಒಳಗೆ ಹೋಗುವುದು ನಾನು ಮಾಡಿದ ಬಾಗಿಲಿನಿಂದಲೇ. ಹಾಗಾಗಿ ಮಗಳು ಕೇಳದೆ ಒಪ್ಪಿಕೊಂಡು ಬಂದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ಎದೆ ಒಂದಿಷ್ಟು ಉಬ್ಬಿತು.

ಸಂಗತಿ ಏನೆಂದರೆ, ನಾಗಮಂಗಲದಲ್ಲಿ ಒಂದು ಸಭೆ ಇತ್ತು. ಆಸ್ಪತ್ರೆ ಕೆಲಸ ಅಂದರೆ ಡಾಕ್ಟರು ಒಬ್ಬರೇ ಅಲ್ಲ, ನರ್ಸು ಉಂಟು, ರಕ್ತ ನೋಡುವವರು ಉಂಟು, ಎಕ್ಸ್‌ರೇ ತೆಗೆಯುವವರು ಉಂಟು, ನಿಮಗೂ ಅದರಲ್ಲಿ ಜಾಗ ಉಂಟು ಎಂದು ಹಳ್ಳಿ ಮಕ್ಕಳಿಗೆ ಹೇಳುವ ಸಭೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದಲೂ ಮಕ್ಕಳು ಬರುತ್ತಿದ್ದರು. ವಂಶದಲ್ಲಿ ಒಬ್ಬರೂ ರೋಗಿಯಾಗಿ ಅಲ್ಲದೆ ಬೇರೆ ರೀತಿ ಆಸ್ಪತ್ರೆ ಮೆಟ್ಟಿಲು ಹತ್ತದ ನಮ್ಮಂಥವರ ಮಕ್ಕಳು. ಒಂದೊಂದು ಕಾಲೇಜು ಒಂದೊಂದು ಮಾದರಿ ತರಬೇಕಿತ್ತು. ಮಗಳ ಕಾಲೇಜಿನಲ್ಲಿ ಮೂಳೆ ಅಂತ ಇದ್ದದ್ದು ಗೋಡೆಯ ಮೇಲಿನ ಒಂದು ಪಟ, ಅದರ ಕಾಲುಗಳನ್ನು ಗೆದ್ದಲು ತಿಂದಿತ್ತು.

ಮಗಳಿಗೆ ನರ್ಸಿಂಗ್ ಓದಬೇಕು. ನನಗೂ ಓದಿಸಬೇಕು. ಬೇಡ ಅಂತಿದ್ದದ್ದು ನಮ್ಮವ್ವ. ಮನೆಯಲ್ಲಿ ಅವ್ವನ ಮಾತು ದಾಟಿ ನಾನು ಒಂದು ಮೊಳೆ ಹೊಡೆದವನಲ್ಲ. ಅರ್ಜಿ ಹಾಕಲು ಆ ವಾರವೇ ಕೊನೆ.

ಅವ್ವನ ತಕರಾರು ರಕ್ತ ಮುಟ್ಟಬೇಕಲ್ಲ ಅಂತಲ್ಲ, ಮದುವೆ ಆಗುವುದಿಲ್ಲ ಅಂತಲೂ ಅಲ್ಲ. ಅವಳಿಗೆ ಆಸ್ಪತ್ರೆಯವರ ಮೇಲೇ ನಂಬಿಕೆ ಇರಲಿಲ್ಲ. ಹಿಂದೆ ಮಂಡಿ ನೋವು ಅಂತ ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬರು ಕೇಳಿದರು, ಒಬ್ಬರು ಬರೆದರು, ಒಬ್ಬರು ಮಲಗಿಸಿ ಫೋಟೋ ತೆಗೆದರು. ಏನಾಗಿದೆ ಅಂತ ಯಾರೂ ಬಾಯಿ ಬಿಡಲಿಲ್ಲ. ಅವ್ವ ಆ ಎಕ್ಸ್‌ರೇ ಹಾಳೆಯನ್ನು ಮನೆಗೆ ತಂದು, ಗ್ರಹಣ ಬಂದಾಗಲೆಲ್ಲ ಅದನ್ನು ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡುತ್ತಾಳೆ.

"ಇಷ್ಟೇ ಕಣ್ಲಾ ಅದ್ರಿಂದ ಆಗಿದ್ದು ಉಪ್ಕಾರ" ಅನ್ನುತ್ತಿದ್ದಳು. "ಗೊತ್ತಿದ್ರೂ ಯೋಳಲ್ಲ, ಗೊತ್ತಿಲ್ದಿದ್ರೂ ಯೋಳಲ್ಲ. ಅಂತಾ ಜನದ ಜೊತೆ ನನ್ ಮೊಮ್ಮಗ್ಳು ಸೇರ್ಬೇಕಾ?"

ನಾನು ಹಾಲೆಮರ ತಂದೆ. ಬಿಳಿ ಮರ, ಮೂಳೆಯದೇ ಬಣ್ಣ. ಪುಸ್ತಕದಲ್ಲಿ ಚಿತ್ರವೇನೋ ಇತ್ತು, ಆದರೆ ಮುಂದಿನದು ಮಾತ್ರ. ಬೆನ್ನಿನ ಕಡೆ ಹೇಗಿದೆಯೋ ಆ ದೇವರಿಗೇ ಗೊತ್ತು. ಬಚ್ಚಲಲ್ಲಿ ನನ್ನ ಬೆನ್ನನ್ನು ನಾನೇ ತಡಕಿ ನೋಡಿದೆ, ಕೈ ಎಟುಕಲಿಲ್ಲ. ಟೀ ಅಂಗಡಿಗೆ ಹೋಗಿ ಅಲ್ಲಿ ಕೂತಿದ್ದ ಒಬ್ಬ ಬಡಕಲು ದೇಹದವನಿಗೆ, "ಸ್ವಲ್ಪ ಅಂಗಿ ಎತ್ತಪ್ಪ, ಅಳತೆ ತಗೋಬೇಕು" ಅಂದೆ. ಅವನು ಟೀ ಲೋಟ ಅಲ್ಲೇ ಬಿಟ್ಟು ಎದ್ದು ನಿಂತ.

"ಯಾಕ್ಲಾ ಆಚಾರಿ, ಚಟ್ಟಕ್ಕಾ? ನಾನಿನ್ನೂ ಬದ್ಕಿವ್ನಿ ಕಣ್ಲಾ!"

"ನಿನ್ ಚಟ್ಟಕ್ಕೆ ಅಳ್ತೆ ಯಾಕ್ಲಾ ಬೇಕು, ಒಂದು ಏಣಿ ಸಾಕು" ಎಂದು ಪಕ್ಕದವನು ನಕ್ಕ. ಕೊನೆಗೆ ಆ ಬಡಕಲನೇ ಅಂಗಿ ಎತ್ತಿದ. ನಾನು ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಅವನ ಬೆನ್ನ ಮೇಲೇ ಗುರುತು ಹಾಕಿಕೊಂಡೆ. ಆ ಗುರುತು ಅಳಿಸದೆ, ಅವನ ಹೆಂಡತಿ ರಾತ್ರಿ ಅದನ್ನು ನೋಡಿ ಯಾರೋ ಮಾಟ ಮಾಡಿಸಿದ್ದಾರೆಂದು ಕೂಗಾಡಿದಳಂತೆ. ಅದು ನನ್ನ ತಪ್ಪಲ್ಲ. ಒಳ್ಳೆಯ ಪೆನ್ಸಿಲ್ಲಿನ ಗುರುತು ಹಾಗೆಲ್ಲ ಅಳಿಸುವುದಿಲ್ಲ.

ಮಗಳಿಗೂ ನನಗೂ ಜಗಳ ಬಂದದ್ದು ಪಕ್ಕೆಲುಬಿನಲ್ಲಿ.

"ಒಂದೊಂದು ಕಡೆಗೆ ಹನ್ನೆರಡು ಅಪ್ಪ" ಅಂದಳು.

"ಹನ್ನೆರಡು ಆಗಲ್ಲ ಮಗಾ" ಅಂದೆ. ಮೆಟ್ಟಿಲಾಗಲಿ ಏಣಿಯಾಗಲಿ, ನಮ್ಮ ಮನೆತನದಲ್ಲಿ ಸರಿಸಂಖ್ಯೆ ಇಟ್ಟವರಿಲ್ಲ. ಬಲಗಾಲಿಟ್ಟು ಹತ್ತಲು ಶುರು ಮಾಡಿದವನು ಬಲಗಾಲಿಟ್ಟೇ ಮೇಲೆ ಹೋಗಿ ಸೇರಬೇಕು. ಅದಕ್ಕೆ ಬೆಸವೇ ಆಗಬೇಕು. ಮಗುವಾಗಿದ್ದಾಗಿನಿಂದ ಅವಳು ಕೇಳಿದ ಮಾತೇ.

"ಪಕ್ಕೆಲುಬು ಹತ್ಕೊಂಡು ಯಾರಪ್ಪ ಓಗ್ತಾರೆ?"

"ಉಸಿರು ಓಗ್ತದೆ."

ಅವಳು ತಲೆ ಚಚ್ಚಿಕೊಂಡಳು. ಚಿತ್ರದಲ್ಲಿ ಕೆಳಗಿನ ಎರಡು ಜೊತೆ ಪಕ್ಕೆಲುಬು ಎದೆಯ ಕಡೆ ಎಲ್ಲಿಗೂ ಸೇರದೆ ಹಾಗೇ ನೇತಾಡುತ್ತಿದ್ದವು. ಯಾವ ಕೆಲಸಗಾರ ತುದಿ ಸೇರಿಸದೆ ಮನೆಗೆ ಹೋಗುತ್ತಾನೆ? ಆದರೂ ಮಗಳ ಮುಖ ನೋಡಿ ಅವನ್ನು ಹಾಗೇ ಬಿಟ್ಟೆ. ಆದರೆ ಲೆಕ್ಕದಲ್ಲಿ ಬಿಡಲಿಲ್ಲ. ಅವಳು ಕಾಲೇಜಿಗೆ ಹೋಗಿದ್ದಾಗ ಹದಿಮೂರನೇ ಜೊತೆ ಕೂರಿಸಿಬಿಟ್ಟೆ. ಮೊಳೆ ಇಲ್ಲ, ಅಂಟು ಇಲ್ಲ, ಮರಕ್ಕೆ ಮರ ಕಚ್ಚಿಸಿದ್ದು. ದವಡೆಗೂ ಒಂದು ಕೀಲು ಇಟ್ಟಿದ್ದೆ, ಬಾಯಿ ತೆಗೆದು ಮುಚ್ಚುತ್ತಿತ್ತು. ನಿಲ್ಲಿಸಿ ನೋಡಿದರೆ, ನನ್ನ ಕಣ್ಣೇ ತಾಗೀತು ಅನ್ನುವ ಹಾಗಿತ್ತು.

ಸಭೆಯ ದಿನ ಬೆಳಿಗ್ಗೆ ನಾವು ನಾಲ್ಕು ಜನ ಹೊರಟೆವು: ನಾನು, ಮಗಳು, ಅಸ್ಥಿಪಂಜರ, ಅವ್ವ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅವ್ವ ಯಾವ ಊರಿಗೂ ಇಲ್ಲ ಅನ್ನುವವಳಲ್ಲ. "ಅದೇನ್ ಯೋಳ್ತಾರೋ ನಾನೂ ಕೇಳ್ತೀನಿ" ಅಂತ ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಬಂದಳು. ಅಸ್ಥಿಪಂಜರಕ್ಕೆ ಅವಳದೇ ಹಳೇ ಸೀರೆ ಸುತ್ತಿದ್ದೆವು.

ಕೆ.ಆರ್. ಪೇಟೆಯಲ್ಲಿ ನಾಗಮಂಗಲದ ಬಸ್ಸು ಹಿಡಿದೆವು. ಮಡಚಿಟ್ಟರೆ ಕೀಲು ಸಡಿಲವಾಗುತ್ತದೆ ಅಂತ ನಾನು ಅದನ್ನು ಅವ್ವನ ಪಕ್ಕ ಸೀಟಿನಲ್ಲೇ ಕೂರಿಸಿದೆ. ಮೊದಲನೇ ರೋಡ್ ಹಂಪ್‌ಗೇ ತಲೆಯ ಮೇಲಿನ ಸೆರಗು ಜಾರಿತು. ಹಿಂದಿನ ಸೀಟಿನ ಹೆಂಗಸು ಕಿರುಚಿದಳು. ಕಂಡಕ್ಟರು ಓಡಿ ಬಂದ.

"ಏನ್ರೀ ಇದು?"

"ನಮ್ ಕಾಲೇಜಿನ ಅಸ್ಥಿಪಂಜರ" ಅಂದಳು ಮಗಳು.

"ಸೀಟಲ್ಲಿ ಕೂತವ್ರೆ ಅಂದ್ಮೇಲೆ ಟಿಕೀಟ್ ತಗೋಬೇಕು. ಗಂಡೋ ಎಣ್ಣೋ?"

ತಮಾಷೆಗೆ ಕೇಳಿದ ಅಂದುಕೊಂಡೆ, ಇಲ್ಲ, ಅವನು ಮಿಷನ್ನಿನ ಮೇಲೆ ಬೆರಳಿಟ್ಟು ನಿಂತಿದ್ದ. ಮಗಳು ಎದ್ದು, ಸೀರೆ ಒಂದಿಷ್ಟು ಸರಿಸಿ, "ಸೊಂಟದ ಮೂಳೆ ನೋಡಿ. ಅಗಲ ಇದೆ, ಒಳಗಿನ ದಾರಿ ದುಂಡಗಿದೆ. ಮಗು ಹೊರಗೆ ಬರೋ ದಾರಿ. ಪುಸ್ತಕದಲ್ಲಿದ್ದದ್ದು ಹೆಣ್ಣಿನ ಚಿತ್ರ. ಹೆಣ್ಣು" ಅಂದಳು.

ಕಂಡಕ್ಟರು ಸೊಂಟ ನೋಡಿದ. ಅರ್ಧ ಬಸ್ಸು ಎದ್ದು ನಿಂತು ಸೊಂಟ ನೋಡಿತು.

"ಎಣ್ಣಾದ್ರೆ ಫ್ರೀ" ಅಂದ ಕಂಡಕ್ಟರು. "ಆಧಾರ್ ತೋರ್ಸ್ಲಿ."

"ಅವ್ಳ ಕೈ ನೋಡಪ್ಪ" ಅಂದಳು ಅವ್ವ. "ಚರ್ಮನೇ ಇಲ್ಲ, ಆಧಾರ್‌ಗೆ ಬೆರ್ಳಚ್ಚು ಎಲ್ಲಿಂದ ಕೊಡ್ತಾಳೆ?"

ಬಸ್ಸೆಲ್ಲ ನಕ್ಕಿತು. ಕೊನೆಗೆ ಲಗೇಜ್ ಅಂತ ಟಿಕೆಟ್ ಹರಿದುಕೊಟ್ಟ. ಆದರೆ ಸಂಗತಿ ಅಷ್ಟಕ್ಕೇ ಮುಗಿಯಲಿಲ್ಲ. ಒಬ್ಬ ಮುದುಕ ಎದ್ದು ಬಂದು ಅಸ್ಥಿಪಂಜರದ ಹೆಗಲಿಗೆ ಬೆರಳಿಟ್ಟು, "ನಂಗೆ ಇಲ್ಲಿ ಇಡ್ಕೊಂಡದೆ, ಯಾಕವ್ವ?" ಅಂದ. ಆಮೇಲೆ ಒಬ್ಬಳು ಸೊಂಟ ಅಂದಳು, ಒಬ್ಬ ಹಿಮ್ಮಡಿ ಅಂದ. ಅವ್ವ ಇದೇ ಸಮಯ ಅಂತ ಅಸ್ಥಿಪಂಜರದ ಮಂಡಿ ತಟ್ಟಿ, "ನನ್ದು ಯೋಳು ಮೊದ್ಲು, ಇಲ್ಲಿ" ಅಂದಳು.

ಮಗಳು ಕೀಲು ಆಡಿಸಿ ತೋರಿಸಿದಳು. "ಅಜ್ಜಿ, ಈ ಎರಡು ಮೂಳೆ ಮಧ್ಯೆ ಮೆತ್ತಗೆ ಇರೋದು ಸವೆದ್ರೆ ನೋಯ್ತದೆ ಅಂತ ಓದಿದೀನಿ. ನಿನ್ನದು ಅದೇನಾ ಅಂತ ನಂಗೆ ಗೊತ್ತಿಲ್ಲ. ಇನ್ನೂ ಓದಿಲ್ಲ. ಪರೀಕ್ಷೆ ಮಾಡಿದವರನ್ನೇ ಕೇಳ್ಬೇಕು." ಎಲ್ಲರಿಗೂ ಇದೇ ಉತ್ತರ ಕೊಟ್ಟಳು. ನನಗೆ ಇರಿಸುಮುರಿಸಾಯಿತು. ಇಷ್ಟು ಜನ ಕೇಳುವಾಗ ಏನಾದರೊಂದು ಹೇಳಿ ಕಳಿಸಬಾರದೇ? ಅವ್ವ ಮಾತ್ರ ಅವಳನ್ನೇ ನೋಡುತ್ತ ಕೂತಳು.

ಸಭೆಯಲ್ಲಿ ಮಾತಾಡಿದವರು ಹಿರಿಯ ಸಿಸ್ಟರ್ ಒಬ್ಬರು. ಶ್ರೀರಂಗಪಟ್ಟಣದ ಹತ್ತಿರ ಹೊಳೆಯಲ್ಲಿ ಮೀನು ಹಿಡಿಯುವವರ ಮಗಳಂತೆ. "ನಾನು ಮೊದ್ಲು ವಾರ್ಡಿಗೆ ಓದಾಗ, ನನ್ ಕೈ ಮೂಸಿ ನೋಡ್ದೋರೂ ಇದ್ರು" ಅಂದರು. "ಆದ್ರೆ ನಿಮ್ಮೂರ ಅಜ್ಜಿ ಬಂದು 'ಪಕ್ಕೇಲಿ ಚಳುಕು ಕಣವ್ವ' ಅಂದ್ರೆ ಎಲ್ಲಿ, ಎಂಗೆ ಅಂತ ತಕ್ಷಣ ಗೊತ್ತಾಗೋದು ನಿಮ್ಗೆ. ಅದ್ಕೆ ನೀವು ಬರ್ಬೇಕು." ನಾನು ಚಪ್ಪಾಳೆ ಹೊಡೆದೆ. ಅವ್ವ ಹೊಡೆಯಲಿಲ್ಲ.

ಆಮೇಲೆ ಸಿಸ್ಟರ್ ನಮ್ಮ ಅಸ್ಥಿಪಂಜರದ ಹತ್ತಿರ ಬಂದರು. ದವಡೆ ಆಡಿಸಿ ನಕ್ಕರು. ಬೆನ್ನು ಸವರಿ "ಅಬ್ಬಾ" ಅಂದರು. ನಾನು ಅಂಗಿ ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರು ಮಕ್ಕಳ ಜೊತೆ ಪಕ್ಕೆಲುಬು ಎಣಿಸತೊಡಗಿದರು. ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಿದ್ದರು. ಹನ್ನೆರಡು ಅಂತ ಜೋರಾಗಿ ನಿಲ್ಲಿಸಿದರು. ಸಿಸ್ಟರ್ ಬೆರಳು ಮಾತ್ರ ಇನ್ನೊಂದರ ಮೇಲಿತ್ತು.

"ಇದೇನಮ್ಮ?" ಅಂತ ಮಗಳನ್ನು ಕೇಳಿದರು.

ಮಗಳು ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಹೇಳಿದೆ: ಕೆಲವರಿಗೆ ಹದಿಮೂರು ಇರ್ತದೆ ಅನ್ನು, ಮುಗೀತು. ಅವಳು ತಿರುಗಿ, "ಮನುಷ್ಯರಿಗೆ ಸಾಮಾನ್ಯವಾಗಿ ಹನ್ನೆರಡು ಜೊತೆ ಮೇಡಂ. ಇದು ತಪ್ಪು. ನಮ್ಮಪ್ಪ ಆಚಾರಿ, ಮೆಟ್ಟಿಲು ಬೆಸ ಇರ್ಬೇಕು ಅಂತ ಒಂದು ಜಾಸ್ತಿ ಇಟ್ಟಿದ್ದಾರೆ. ನಾನು ಬೇಡ ಅಂದೆ, ಕೇಳ್ಲಿಲ್ಲ. ಕೂರಿಸಿರೋದನ್ನ ನಾನು ನೋಡಿದ್ದೇ ಇವತ್ತು ಬೆಳಿಗ್ಗೆ" ಅಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಎದ್ದು ನಿಂತು, "ಕೆಲಸದಲ್ಲಿ ತಪ್ಪಿಲ್ಲ. ಮನುಷ್ಯನ ಮೈಯಲ್ಲೇ ಒಂದು ಕಡಿಮೆ ಅದೆ, ಅಷ್ಟೆ!" ಅಂದೆ. ಇನ್ನೂ ಜೋರಾಗಿ ನಕ್ಕರು. ಹಾಗಾದರೆ ತೆಗೆದೇಬಿಡುತ್ತೇನೆ ಅಂತ ಚೀಲದಿಂದ ಉಳಿ, ಕೊಡತಿ ತೆಗೆದು ವೇದಿಕೆ ಹತ್ತಿದೆ. ಆಚಾರಿ ಎಲ್ಲಿಗೂ ಬರಿಗೈಲಿ ಹೋಗುವುದಿಲ್ಲ.

ಆದರೆ ನಾನು ಕಚ್ಚಿಸಿದ ಮರ ನನ್ನ ಮಾತನ್ನೇ ಕೇಳಲಿಲ್ಲ. ಒಂದು ಏಟು ಹಾಕಿದರೆ ಅಸ್ಥಿಪಂಜರವೇ ಮುಂದಕ್ಕೆ ಬಂತು. ಇನ್ನೊಂದು ಹಾಕಿದರೆ ನನ್ನ ಹೆಗಲ ಮೇಲೆ ಕೈ ಹಾಕಿತು. ಮಗಳು ಹಿಂದಿನಿಂದ ಬಂದು ಅದರ ಎರಡೂ ಹೆಗಲನ್ನು ಮೆಲ್ಲಗೆ ಒತ್ತಿ ಹಿಡಿದಳು. ಪ್ರತಿ ಏಟಿಗೂ ಅದರ ಬಾಯಿ ತೆಗೆದು ಮುಚ್ಚುತ್ತಿತ್ತು.

ಸಭೆಯ ನಡುವಿನಿಂದ ಅವ್ವನ ದನಿ ಬಂತು: "ಲೇ, ಮೆಲ್ಗೆ ಒಡೀಲಾ! ನೋಯಲ್ವಾ ಅವ್ಳಿಗೆ?"

ಯಾರೂ ನಗಲಿಲ್ಲ. ಸಿಸ್ಟರ್ ಕೂಡ "ಹೌದು, ನಿಧಾನ" ಅಂದುಬಿಟ್ಟರು. ನಾನು ನಿಧಾನಕ್ಕೆ, ಒಂದೊಂದೇ ಏಟಿಗೆ ಎರಡು ಪಕ್ಕೆಲುಬನ್ನೂ ಬಿಡಿಸಿದೆ. ಮರ ಎಲ್ಲೂ ಸೀಳಲಿಲ್ಲ. ಆಸ್ಪತ್ರೆಯವರ ಎದುರು ಅಷ್ಟು ಚೆನ್ನಾಗಿ ಯಾರೂ ಪಕ್ಕೆಲುಬು ತೆಗೆದಿರಲಾರರು.

ಅಸ್ಥಿಪಂಜರ ಅಲ್ಲೇ ಉಳಿಯಿತು. ಮಕ್ಕಳಿಗೆ ಹೇಳಿಕೊಡಲು ಬೇಕು ಅಂತ ಸಿಸ್ಟರ್ ಕೇಳಿದರು, ಕಾಲೇಜಿನವರು ಒಪ್ಪಿದರು. ಸಾಯಂಕಾಲ ವಾಪಸು ಬಸ್ಸು ಹತ್ತಿದೆವು. ಮಗಳು ನನ್ನ ಪಕ್ಕ ಕೂರದೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನೂ ಇನ್ನೊಂದು ಕಡೆ ತಿರುಗಿ ಕೂತೆ. ಅವ್ವ ನಮ್ಮಿಬ್ಬರನ್ನೂ ನೋಡಿ ನೋಡಿ ಕೊನೆಗೆ ನನ್ನ ಮೊಣಕೈ ತಿವಿದಳು.

"ಯಾಕ್ಲಾ ಮುಖ ಊದಿಸ್ಕೊಂಡಿದೀಯ? ನಾಕ್ ಜನದ ಮುಂದೆ ಎತ್ತ ಅಪ್ಪಂದೇ ತಪ್ಪು ಅಂತ ಯೋಳ್ಬುಟ್ಳಲ್ಲ ಅಂತಾನಾ?"

ನಾನು ಚೀಲದಲ್ಲಿದ್ದ ಉಳಿ, ಕೊಡತಿ ಸರಿಮಾಡಿದೆ.

"ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂದ್ಳು, ಗೊತ್ತಿದ್ದನ್ನ ಅಪ್ಪನ್ ಮಖ ನೋಡ್ದೆ ಯೋಳಿದ್ಳು. ನನ್ ಮಂಡಿ ನೋಡ್ದೋರಲ್ಲಿ ಇಂಗಿದ್ದೋಳು ಒಬ್ಳಿದ್ದಿದ್ರೆ ಆಗ್ತಿತ್ತು" ಅಂದವಳು ಸೆರಗಿನ ಗಂಟು ಬಿಚ್ಚತೊಡಗಿದಳು.

ಕಂಡಕ್ಟರು ಬಂದ. ಬೆಳಗಿನವನೇ. ಅವ್ವನ ಪಕ್ಕದ ಖಾಲಿ ಸೀಟು ನೋಡಿ, "ಎಲ್ಲಮ್ಮ, ನಿಮ್ಮ ಇನ್ನೊಬ್ಳು ಎಂಗ್ಸು?" ಅಂದ.

"ಕೆಲ್ಸಕ್ಕೆ ಸೇರ್ಕೊಂಡ್ಳು ಕಣಪ್ಪ" ಅಂದಳು ಅವ್ವ, ಆಧಾರ್ ಕಾರ್ಡು ಚಾಚುತ್ತ. "ಆಸ್ಪತ್ರೆ ಕೆಲ್ಸಕ್ಕೆ. ನಮ್ ಮೊಮ್ಮಗ್ಳೂ ನಾಳೆ ಅರ್ಜಿ ಆಕ್ತಾಳೆ."

ಮಗಳು ಕಿಟಕಿಯಿಂದ ಥಟ್ಟನೆ ತಿರುಗಿದಳು. ನಾನು ಚೀಲ ತಡಕಿ ಆ ಎರಡು ಪಕ್ಕೆಲುಬು ತೆಗೆದು ಒಂದನ್ನು ಅವಳ ಕೈಗೆ ಕೊಟ್ಟೆ. ಇನ್ನೊಂದು ಇವತ್ತಿಗೂ ನಮ್ಮ ನಡುಮನೆಯ ಬಾಗಿಲ ಪಕ್ಕ ಗೂಟವಾಗಿದೆ. ಅವ್ವ ಅದಕ್ಕೆ ಕೈಚೀಲ ನೇತುಹಾಕುತ್ತಾಳೆ. ಎಷ್ಟು ಭಾರ ಹಾಕಿದರೂ ಅಲುಗಾಡುವುದಿಲ್ಲ. ಮನುಷ್ಯನಿಗೆ ಇನ್ನೊಂದು ಜೊತೆ ಇದ್ದಿದ್ದರೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ ಅಂತಲೇ ನಾನು ಈಗಲೂ ಅನ್ನುತ್ತೇನೆ. ರಜಕ್ಕೆ ಬಂದಾಗ ಮಗಳು ಬಿಳೀ ಕೋಟನ್ನು ಅದೇ ಗೂಟಕ್ಕೆ ಸಿಕ್ಕಿಸುತ್ತ, "ಅಪ್ಪ, ತಪ್ಪು" ಅನ್ನುತ್ತಾಳೆ.