ಡ್ರ್ಯಾಗನ್ನಿನ ಹಲ್ಲು ಕಿತ್ತ ಭಾನುವಾರ

ನಮ್ಮ ಭಾವನಿಗೆ ಊರಲ್ಲಿ 'ಫೇಲ್ ಸಾಹೇಬ್ರು' ಅಂತ ಹೆಸರು. ಡ್ರೈವಿಂಗ್ ಲೈಸೆನ್ಸಿಗೆ ಬಂದವರ ಪಕ್ಕದ ಸೀಟಿನಲ್ಲಿ ಕೂತು ಪರೀಕ್ಷೆ ಮಾಡುವುದು ಅವರ ಕೆಲಸ. ಕನ್ನಡಿ ನೋಡದೆ ಗಾಡಿ ತೆಗೆದಿರಾ, ಫೇಲ್. ಹಿಂದಕ್ಕೆ ಬರುವಾಗ ಬಂಪರ್ ಕಂಬಕ್ಕೆ ಮುತ್ತಿಟ್ಟಿತಾ, ಫೇಲ್. ದೊಡ್ಡವರ ಕಡೆಯವರು ಬಂದು ಜಪ್ಪಯ್ಯ ಅಂದರೂ ಜಗ್ಗುವವರಲ್ಲ. ಕಟ್ಟಿಕೊಂಡ ಹೆಂಡತಿಯನ್ನೇ, ಅಂದರೆ ನನ್ನ ಅಕ್ಕನನ್ನೇ, ಮುಲಾಜಿಲ್ಲದೆ ಫೇಲ್ ಮಾಡಿದ ಮಹಾನುಭಾವ. ಅಕ್ಕ ಇವತ್ತಿಗೂ ಬಸ್ಸಲ್ಲೇ ಓಡಾಡುತ್ತಾಳೆ. ಬಸ್ಸು ತಡವಾದ ದಿನ ಭಾವನಿಗೆ ಕಾಫಿ ತಣ್ಣಗೆ ಸಿಗುತ್ತದೆ.

ಇಂಥ ಮನುಷ್ಯ ಭಾನುವಾರ ಮಧ್ಯಾಹ್ನ ಬೆಣ್ಣೆಯಾಗಿಬಿಡುತ್ತಿದ್ದರು. ಅವತ್ತು ಅವರ ಊಟದ ಮೇಜಿನ ಸುತ್ತ ನಾವು ಆಟಕ್ಕೆ ಕೂರುತ್ತಿದ್ದೆವು. ಆಟ ಅಂದರೆ ಕಥೆ ಕಟ್ಟುವ ಆಟ. ಭಾವ ಕಥೆ ಹೇಳುವವರು. ಗುಹೆ, ರಾಕ್ಷಸರು, ಶಾಪ ಎಲ್ಲ ಅವರ ಸುಪರ್ದಿ. ನಾವು ಮೂವರು ಅದರೊಳಗಿನ ಪಾತ್ರಗಳು. ಹಲ್ಲಿನ ಡಾಕ್ಟರು ಕಬ್ಬಿಣದ ಕವಚ ತೊಟ್ಟ ವೀರ. ರಿಟೈರಾದ ಲೆಕ್ಕದ ಮೇಷ್ಟ್ರು ಗಾಯ ವಾಸಿ ಮಾಡುವ ಸನ್ಯಾಸಿ. ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸಭ್ಯಳಾಗಿ ಇದ್ದು ಸಾಕಾಗಿ, ಆಟದಲ್ಲಿ ಕಳ್ಳಿ. ಏನು ಮಾಡುತ್ತೇವೆಂದು ನಾವು ಹೇಳಬೇಕು, ಆಯಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು.

ದಾಳ ಹೇಳಬೇಕು, ಆದರೆ ಹೇಳುತ್ತಿದ್ದದ್ದು ಭಾವ. ಟ್ರಾಫಿಕ್ ಚಿಹ್ನೆಗಳ ಹಳೆಯ ರಟ್ಟಿನ ಚಾರ್ಟೊಂದನ್ನು ಮಡಚಿ ಅಡ್ಡ ನಿಲ್ಲಿಸಿಕೊಂಡು, ಎಲ್ಲ ದಾಳಗಳನ್ನೂ ಅದರ ಹಿಂದೆಯೇ ಉರುಳಿಸುವರು. ನಮ್ಮ ಕಡೆಗೆ 'ಪ್ರವೇಶವಿಲ್ಲ' ಕಾಣುತ್ತಿತ್ತು. ಆಚೆಗೆ ಏನು ಬಿದ್ದರೂ ಭಾವನ ಬಾಯಲ್ಲಿ ನಾವು ಕೂದಲೆಳೆಯಲ್ಲಿ ಪಾರಾಗುತ್ತಿದ್ದೆವು. ಅವರು ಮೋಸ ಮಾಡುವುದು ನನಗೆ ಗೊತ್ತಿತ್ತು. ಅವರ ಕನ್ನಡಕ ನಾನೇ ಮಾರಿದ್ದು, ಅದರ ಗಾಜಿನಲ್ಲಿ ದಾಳ ಕಾಣುತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು, ಇಷ್ಟು ವರ್ಷ ಒಬ್ಬರೂ ಸಾಯದಿರುವುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಎಂದು ಅವರು ನನ್ನ ಹತ್ತಿರ ಒಮ್ಮೆ ಗೊಣಗಿದ್ದರು. ಗೊತ್ತಿಲ್ಲದಿದ್ದದ್ದು ಡಾಕ್ಟರಿಗೆ ಮಾತ್ರ. ಮುರಿದ ಸೇತುವೆಯ ಮೇಲೆ ಒಂಟಿಯಾಗಿ ನಿಂತು ಸೈನ್ಯ ತಡೆದದ್ದನ್ನು ಅವರು ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತ ರೋಗಿಗಳಿಗೂ ಹೇಳುತ್ತಿದ್ದರು. ಪಾಪ, ಅವರು ಎದ್ದು ಹೋಗುವಂತಿರಲಿಲ್ಲ.

ಅನಾಹುತ ನಡೆದ ಭಾನುವಾರ ರಟ್ಟು ಕಾಣೆಯಾಗಿತ್ತು. ಅಡುಗೆಮನೆ ಕಿಟಕಿಯ ಗಾಜು ಒಡೆದಿತ್ತೆಂದು ಅಕ್ಕ ಅದನ್ನು ಅಲ್ಲಿಗೆ ಅಂಟಿಸಿಬಿಟ್ಟಿದ್ದಳು. ಭಾವ ಕೈಕಾಲು ಆಡದವರಂತೆ ಕೂತರು. ಮಲಗಿದ್ದ ಡ್ರ್ಯಾಗನ್ನಿನ ಪಕ್ಕದಲ್ಲಿ ನಾವು ಸದ್ದಿಲ್ಲದೆ ಹಾದುಹೋಗಬೇಕಿತ್ತು, ಅಷ್ಟೆ. ಆದರೆ ವರ್ಣನೆಯ ಚಟಕ್ಕೆ ಭಾವ ಒಂದು ಮಾತು ಸೇರಿಸಿದರು.

"ಅದರ ಬಾಯಿ ಅರ್ಧ ತೆಗೆದಿದೆ. ಒಂದು ದವಡೆ ಹಲ್ಲು ಹುಳುಕಾಗಿದೆ."

ಡಾಕ್ಟರು ಕುರ್ಚಿಯಲ್ಲಿ ನೆಟ್ಟಗಾದರು. "ಮೇಲಿನದಾ, ಕೆಳಗಿನದಾ?"

"ಡಾಕ್ಟ್ರೇ, ಬೇಡ," ಅಂದೆ.

"ನೋಡಿಯೂ ಬಿಟ್ಟು ಹೋಗು ಅಂತೀಯಲ್ಲಮ್ಮ. ನಾನು ಕೀಳ್ತೀನಿ."

ಮೇಷ್ಟ್ರು ಬೆಳಕಿಗೆ ದೀಪ ಹಿಡಿದರು. ನಾನು ಕೆಳದವಡೆ ಅದುಮಿ ಹಿಡಿದೆ. ಮೂವರೂ ಬುದ್ಧಿ ಇದ್ದವರೇ. ಆದರೆ ಭಾವ ಹೇಗೂ ಸಾಯಿಸುವುದಿಲ್ಲ ಅನ್ನುವ ಧೈರ್ಯ ನನಗೂ ಮೇಷ್ಟ್ರಿಗೂ, ತಾನು ಸಾಯುವವನೇ ಅಲ್ಲ ಅನ್ನುವ ಧೈರ್ಯ ಡಾಕ್ಟರಿಗೆ. ರಟ್ಟಿಲ್ಲದ್ದರಿಂದ ದಾಳವನ್ನು ಡಾಕ್ಟರೇ ಉರುಳಿಸಿದರು. ಇಪ್ಪತ್ತು ಬಿತ್ತು. ಹಲ್ಲು ಬಂತು. ಆಮೇಲೆ ಭಾವ ಡ್ರ್ಯಾಗನ್ನಿನ ದಾಳ ಉರುಳಿಸಿದರು, ಅಡ್ಡಕ್ಕೆ ಏನೂ ಇಲ್ಲದೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ. ಡ್ರ್ಯಾಗನ್ನಿಗೆ ಎಚ್ಚರವಾಯಿತು. ಬೆಂಕಿ ಉಗುಳಿತು. ತಪ್ಪಿಸಿಕೊಳ್ಳಲು ನಾವು ಉರುಳಿಸಿದ ಮೂರು ದಾಳಗಳೂ ಕೈಕೊಟ್ಟವು. ಒಂದೇ ಉಸಿರಿಗೆ ಮೂವರೂ ಬೂದಿ.

ನಾನು ಅಡುಗೆಮನೆಗೆ ಹೋಗಿ 'ಪ್ರವೇಶವಿಲ್ಲ' ನೋಡುತ್ತ ಅತ್ತೆ. ನಿಜವಾದ ಸೋದರಮಾವ ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ. ಅವನು ಅಂಥ ಒಳ್ಳೆಯವನೂ ಆಗಿರಲಿಲ್ಲ ಬಿಡಿ. ಡಾಕ್ಟರು ಚಪ್ಪಲಿ ಮೆಟ್ಟುತ್ತ ಭಾವನ ಕಡೆ ತಿರುಗಿದರು.

"ಹೋದ ತಿಂಗಳು ನಿಮ್ಮ ಹಲ್ಲಿಗೆ ನಾನು ಹಾಕಿದ ಕ್ಯಾಪ್ ಬಿದ್ದುಹೋಯ್ತಲ್ಲ. ಆ ಸಿಟ್ಟು ಹೀಗೆ ತೀರಿಸಿಕೊಂಡ್ರಿ. ಇನ್ನು ನಾನು ಬರಲ್ಲ."

ಡಾಕ್ಟರಿಲ್ಲದೆ ಆಟವಿಲ್ಲ, ಆಟವಿಲ್ಲದೆ ಭಾವನಿಗೆ ಭಾನುವಾರವಿಲ್ಲ. ಮನುಷ್ಯ ಕುಗ್ಗಿಹೋದರು. ಎಲ್ಲ ಕನಸು ಅಂತ ಹೇಳಿಬಿಡಲಾ, ದೇವತೆ ಬಂದು ಬದುಕಿಸಿದಳು ಅನ್ನಲಾ, ಎಂದು ಹೊತ್ತಲ್ಲದ ಹೊತ್ತಿನಲ್ಲಿ ನನಗೆ ಫೋನು. ಅದಕ್ಕಿಂತ ಭಯಂಕರವಾದದ್ದು ಪರೀಕ್ಷೆಯ ಮೈದಾನದಲ್ಲಿ ನಡೆಯತೊಡಗಿತು. ಇನ್ನೊಬ್ಬರಿಗೆ ಫೇಲ್ ಅನ್ನಲು ಅವರಿಗೆ ಬಾಯಿಯೇ ಬರಲಿಲ್ಲ. ಬ್ರೇಕು ಯಾವುದು ಎಂದು ಕೇಳಿದವನೂ ಪಾಸ್. ಸುದ್ದಿ ಹಬ್ಬಿ ಪಕ್ಕದ ಊರುಗಳಿಂದಲೂ ಜನ ಬಂದರು. ರಸ್ತೆ ದಾಟುವಾಗ ನಾನು ನಾಲ್ಕೂ ಕಡೆ ನೋಡುವ ಹಾಗಾಯಿತು.

ಅಕ್ಕನೂ ಈ ಸುಗ್ಗಿ ಬಿಡಲಿಲ್ಲ, ಹೋಗಿ ಪರೀಕ್ಷೆ ಕೊಟ್ಟು ಪಾಸಾದಳು. ಸಿಹಿ ಕೊಡುತ್ತಾಳೆಂದು ಹೋದರೆ ಮುಖ ಊದಿಸಿಕೊಂಡು ಕೂತಿದ್ದಳು.

"ಕಂಬ ಬೀಳಿಸಿದೆ ಕಣೇ. ಒಂದಲ್ಲ, ಸಾಲಾಗಿ. ಆದ್ರೂ ಪಾಸ್ ಅಂದ್ರು." ಭಾವನ ಕಡೆ ತಿರುಗಿದಳು. "ನನ್ನ ಏನು ಅಂತ ತಿಳ್ಕೊಂಡಿದೀರಿ? ಭಿಕ್ಷೆ ಕೇಳೋಕೆ ಬಂದಿದ್ನಾ? ನಾಳೆ ಹೋಗಿ ಫೇಲ್ ಅಂತ ಬರೀರಿ. ನಾನು ಕಲಿತು ಪಾಸಾಗ್ತೀನಿ."

ಭಾವ ಎದ್ದು, ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂದರು. ಹೇಳಿದರೆ ಆ ಮನುಷ್ಯ ಜನ್ಮದಲ್ಲಿ ಬರುವುದಿಲ್ಲ ಎಂದು ನಾನು ಹೆದರಿಸಿದೆ. ಕೇಳಲಿಲ್ಲ. ಮೇಷ್ಟ್ರನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆವು. ಒಳಗೆ ಬೇರೆ ಕುರ್ಚಿಯಿರಲಿಲ್ಲ. ಭಾವ ರೋಗಿಗಳ ಉದ್ದನೆಯ ಕುರ್ಚಿಯಲ್ಲೇ ಒರಗಿದರು. ದೀಪ ಮುಖದ ಮೇಲಿತ್ತು.

"ನಿಮ್ಮನ್ನ ನಾನು ಬೇಕಂತ ಸಾಯಿಸಲಿಲ್ಲ ಡಾಕ್ಟ್ರೇ. ಇಷ್ಟು ದಿನ ಬೇಕಂತ ಬದುಕಿಸಿದ್ದೆ. ರಟ್ಟಿನ ಹಿಂದೆ ಬಿದ್ದಿದ್ದೇ ಬೇರೆ, ನಾನು ಹೇಳ್ತಿದ್ದಿದ್ದೇ ಬೇರೆ."

ಡಾಕ್ಟರು ಮೇಷ್ಟ್ರನ್ನು ನೋಡಿದರು, ನನ್ನನ್ನು ನೋಡಿದರು. ನಾವಿಬ್ಬರೂ ನೆಲ ನೋಡಿದೆವು.

"ಸೇತುವೆ?" ಅಂದರು.

"ನಾನೇ."

"ಎರಡು ತಲೆಯ ರಾಕ್ಷಸ? ಅದನ್ನ ಒಂದೇ ಏಟಿಗೆ..."

"ಅದೂ ನಾನೇ."

ಡಾಕ್ಟರು ತಮ್ಮ ಸ್ಟೂಲಿನ ಮೇಲೆ ಕೂತರು. ಅವರ ಮುಖ ನೋಡಲು ನನಗಾಗಲಿಲ್ಲ. ಇಷ್ಟು ವರ್ಷದ ಶೌರ್ಯವನ್ನೆಲ್ಲ ಒಬ್ಬರಿಂದ ಒಂದೇ ಸಲ ಕಿತ್ತುಕೊಳ್ಳುವುದು ಸಣ್ಣ ಹಿಂಸೆಯಲ್ಲ. ನಾವು ಬರಬಾರದಿತ್ತು ಅನ್ನಿಸಿತು.

"ಹಲ್ಲು?" ಕೊನೆಗೆ ಕೇಳಿದರು. ದನಿ ಬಹಳ ಸಣ್ಣದಾಗಿತ್ತು.

"ಹಲ್ಲು ನಿಮ್ದು," ಅಂದರು ಭಾವ. "ಎಲ್ಲರ ಕಣ್ಣೆದುರಿಗೆ ಇಪ್ಪತ್ತು ಬಿತ್ತು. ಅದು ಕಣ್ಣು ಬಿಡೋದಕ್ಕೆ ಮುಂಚೆ ಹಲ್ಲು ನಿಮ್ಮ ಮುಷ್ಟೀಲಿತ್ತು. ಅದರಲ್ಲಿ ನಂದೇನೂ ಇಲ್ಲ."

"ಮಲಗಿದ್ದ ಡ್ರ್ಯಾಗನ್ನು," ಅಂದರು ಡಾಕ್ಟರು. "ಮರಗಟ್ಟೋಕೆ ಇಂಜೆಕ್ಷನ್ನೂ ಇಲ್ಲದೆ."

"ಇಲ್ಲದೆ."

"ಬೇರು ಸಮೇತ?"

"ಬೇರು ಸಮೇತ."

ಡಾಕ್ಟರು ಎದ್ದು ಕೈ ತೊಳೆಯಲು ಹೋದರು. ನಮಗೆ ಬೆನ್ನು ಹಾಕಿ ಬಹಳ ಹೊತ್ತು ತೊಳೆದರು. ಹಿಂದಿರುಗಿ ಬಂದು ದೀಪವನ್ನು ಭಾವನ ಬಾಯಿಗೆ ಸರಿಯಾಗಿ ತಿರುಗಿಸಿದರು.

"ಬಾಯಿ ತೆಗೀರಿ, ಆ ಕ್ಯಾಪ್ ಇನ್ನೊಂದು ಸಲ ಕೂರಿಸ್ತೀನಿ. ಭಾನುವಾರ ಹೊಸ ವೀರನ್ನ ತರ್ತೀನಿ," ಅಂದರು. "ಆ ರಟ್ಟು ಕಿಟಕೀಲೇ ಇರಲಿ."