ವಿಮೆ ಕಾರ್ಡಿನಲ್ಲಿ ಅತ್ತೆಯ ಹೆಸರು

ನಮ್ಮ ಅತ್ತೆಗೆ ಯಾರಾದರೂ ‘ಪಾಪ’ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದು, ಬೀಡಿ ಕಟ್ಟಿ, ಇದ್ದೊಬ್ಬ ಮಗನನ್ನು ಬೆಳೆಸಿ ಮಿಲ್ಲಿನ ಕೆಲಸಕ್ಕೆ ಹಚ್ಚಿದ ಹೆಂಗಸು. ನಾನು ಸೊಸೆಯಾಗಿ ಬಂದ ವಾರದಲ್ಲೇ ನನ್ನ ಮುಂದೆ ಎಲೆ, ಕತ್ತರಿ, ದಾರ ಇಟ್ಟು ಬೀಡಿ ಕಟ್ಟಲು ಕಲಿಸಿದವರೂ ಅವರೇ. ನನಗೂ ಬಾಯಿ ಕಡಿಮೆಯಿರಲಿಲ್ಲ. ನಮ್ಮಿಬ್ಬರ ಜಗಳ ಓಣಿಗೆಲ್ಲ ಪುಕ್ಕಟೆ ನಾಟಕ.

ಎಪ್ಪತ್ತರ ದಶಕದ ನಡುವೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ನಮ್ಮ ಕಡೆ ಮೋತಿಬಿಂದು ಅನ್ನುತ್ತಾರೆ. ಅವರು ಕಟ್ಟಿದ ಬೀಡಿ ಸಡಿಲಾಗಿ ತಂಬಾಕು ಸುರಿಯತೊಡಗಿತು. ಕಾರ್ಖಾನೆಯಲ್ಲಿ ಅಂಥ ಬೀಡಿಯನ್ನು ಮುರಿದು ಎಸೆಯುತ್ತಾರೆ. ಮಧ್ಯಾಹ್ನ ಅವರು ಮಲಗಿದಾಗ ನಾನು ಎಲ್ಲ ಬಿಚ್ಚಿ ಮತ್ತೆ ಕಟ್ಟಿ ಇಡುತ್ತಿದ್ದೆ, ಸಂಜೆ ಒಯ್ದು ಕೊಟ್ಟು ಬರುತ್ತಿದ್ದೆ. “ನಿಮ್ಮ ಮಾಲು ಪಾಸಾತ್ರಿ ಅತ್ತಿ” ಅಂದರೆ ಅವರ ಮುಖ ಅರಳುತ್ತಿತ್ತು. ಜಗಳ ಎಷ್ಟೇ ಇರಲಿ, ಅವರೆಂದರೆ ನನಗೆ ಜೀವ.

ನನ್ನ ಗಂಡನ ಪಗಾರದಲ್ಲಿ ವಿಮೆಯ ಕಂತು ಹಿಡಿಯುತ್ತಿದ್ದರು. ಅವರ ಕಾರ್ಡಿಗೆ ತಾಯಿಯ ಹೆಸರು ಸೇರಿದರೆ ಆಪರೇಷನ್ನಿಗೆ ನಾವು ಒಂದು ಪೈಸೆಯೂ ಕೊಡಬೇಕಿರಲಿಲ್ಲ. ಆದರೆ ತಾಯಿ ಮಗನ ದುಡಿಮೆಯ ಮೇಲೆಯೇ ಬದುಕುತ್ತಿರಬೇಕು, ಸ್ವಂತ ಗಳಿಕೆ ಇರಬಾರದು. ಅದೂ ಮಿಲ್ಲಿನ ಆಫೀಸಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದದ್ದು ವರ್ಷಕ್ಕೆ ಒಂದೇ ವಾರ. ಇನ್ನೊಂದು ವರ್ಷ ಬಿಟ್ಟರೆ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆ ವಾರ ಬಂತು. ಮಗನೇ ಸಾಕುತ್ತಾನೆ ಅಂತ ಹೇಳ್ರಿ ಎಂದು ದಾರಿಯುದ್ದಕ್ಕೂ ಅತ್ತೆಗೆ ಪಾಠ ಮಾಡಿದೆವು. ನಿಮ್ಮನ್ನು ನೋಡಿಕೊಳ್ಳುವವರು ಯಾರು ಆಜಿ ಎಂದು ಕ್ಲಾರ್ಕು ಮರಾಠಿಯಲ್ಲಿ ಕೇಳಿದ.

“ನನ್ನ ಯಾರು ನೋಡಕೋಬೇಕ್ರಿ? ಇವನ್ನ ಸಾಕಿದಾಕಿ ನಾನು. ಇವತ್ತಿಗೂ ಬೀಡಿ ಕಟ್ಟತೀನಿ.”

ಗಳಿಕೆ ಇದ್ದವರ ಹೆಸರು ಬರೆಯಲು ಬರುವುದಿಲ್ಲ ಎಂದು ಕ್ಲಾರ್ಕು ಪೆನ್ನು ಮುಚ್ಚಿದ.

ಮನೆಗೆ ಬಂದು ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ನನಗೆ ಸಿಟ್ಟು ನೆತ್ತಿಗೇರಿತ್ತು. “ನಿಮಗ ಕಣ್ಣಿಗಿಂತ ಸೊಕ್ಕ ಹೆಚ್ಚಾತೇನ್ರಿ ಅತ್ತಿ?” ಎಂದವಳು ಅಳುತ್ತಲೇ ಒಳಗೆ ಹೋದೆ. ಅತ್ತೆಯೆದುರು ನಾನು ಅತ್ತದ್ದು ಅದೇ ಮೊದಲು.

ಆ ವಾರದ ಕೊನೆಯ ದಿನ ಅತ್ತೆಯನ್ನು ಮತ್ತೆ ಕರೆದುಕೊಂಡು ಹೋದೆವು. ನಿಜ ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ್ದೆ. “ಸಾಹೇಬ್ರ, ಆ ಬೀಡಿ...” ಎಂದವಳು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಕೈ ಅದುಮಿದರು.

“ನೀ ಸುಮ್ಕಿರು. ಬರಕೋರಿ ಸಾಹೇಬ್ರ. ನನ್ನ ಬೀಡಿ ಈಕಿ ಬಿಚ್ಚಿ ಕಟ್ಟಾಕ ಹತ್ತಿ ಭಾಳ ದಿನಾತು. ಕಣ್ಣು ಹೋದ್ರ ಬೆರಳಿಗೂ ಗೊತ್ತಾಗಂಗಿಲ್ಲೇನು, ಗಂಟು ನಂದಲ್ಲಂತ? ನನ್ನ ಗಳಿಕಿ ಏನಿಲ್ರಿ. ಮಗನ ಮ್ಯಾಲ ಅದೀನಿ.”

ಕ್ಲಾರ್ಕು ತಲೆಯೆತ್ತದೆ ಹೆಸರು ಬರೆದ. ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಆಪರೇಷನ್ನಾಗಿ ಕಣ್ಣು ಎರಡೂ ಒಂದಾದ ಮೇಲೊಂದು ಸರಿಯಾದವು. ನವಿ ಪೇಠದ ಅಂಗಡಿಯಲ್ಲಿ ಕೊಂಡ ದಪ್ಪ ಗಾಜಿನ ಕನ್ನಡಕ ಏರಿಸಿದ ಅತ್ತೆ ಮೊದಲು ಎತ್ತಿ ನೋಡಿದ್ದು ಎದುರಿಗೇ ಆಡುತ್ತಿದ್ದ ಮೊಮ್ಮಗಳನ್ನಲ್ಲ, ನನ್ನ ಮಗಳನ್ನಲ್ಲ, ನಾನು ಕಟ್ಟಿದ ಬೀಡಿಯನ್ನು. “ಇಂಥಾ ಗಂಟು ನಾ ಕಲಿಸಿದ್ದೇನು?” ಎಂದರು. ಅವತ್ತು ಆ ಬೈಗುಳ ಕೇಳಿ ನನಗಾದ ಖುಷಿ ಹೇಳತೀರದು.

ಸ್ವಲ್ಪ ದಿನದಲ್ಲೇ ಮೊದಲಿನ ಹಾಗೆ ಬೀಡಿ ಕಟ್ಟಲು ಕೂತರು. ಒಂದು ಬೆಳಿಗ್ಗೆ ಒಳ್ಳೆಯ ಸೀರೆಯುಟ್ಟು ಮಿಲ್ಲಿನ ಆಫೀಸಿಗೆ ಹೋಗಿ, ನಾನೀಗ ಗಳಿಸುತ್ತೇನೆ, ನನ್ನ ಹೆಸರು ತೆಗೆಯಿರಿ ಎಂದರಂತೆ. ತೆಗೆಯುವುದಕ್ಕೂ ಆ ಒಂದು ವಾರವೇ ಬರಬೇಕು ಆಜಿ ಎಂದು ಕ್ಲಾರ್ಕು ವಾಪಸು ಕಳಿಸಿದನಂತೆ.

ಮರುವರ್ಷ ಆ ವಾರ ಬಂದಾಗ ಆಫೀಸಿನ ಬಾಗಿಲು ತೆರೆಯುವ ಮೊದಲೇ ಅತ್ತೆ ನನ್ನನ್ನು ಎಳೆದುಕೊಂಡು ಹೋಗಿ ನಿಂತರು. ಕ್ಲಾರ್ಕು ನಗುತ್ತ ಅದೇ ಹಳೆಯ ಪ್ರಶ್ನೆ ಕೇಳಿದ: ಹೆಸರು ತೆಗೆದರೆ ನಿಮ್ಮನ್ನು ನೋಡಿಕೊಳ್ಳುವವರು ಯಾರು ಆಜಿ?

“ದುಡಿಯಾಕಿ ನಾನು” ಎಂದರು ಅತ್ತೆ, ನನ್ನ ಮುಂಗೈ ಹಿಡಿದು. “ನೋಡಕೊಳ್ಳಾಕಿ ಈಕಿ.”